ರಾಬರ್ಟ್‌ಸನ್‌ಪೇಟೆ: ಯುವಜನರ ಕ್ಷೇಮಕ್ಕೆ ಧಾರ್ಮಿಕ ಸಂಸ್ಥೆಗಳ ಆಸರೆ

ಕೋಲಾರ ಜಿಲ್ಲೆಯ ರಾಬರ್ಟ್‌ಸನ್‌ಪೇಟೆ ಕೆ.ಜಿ.ಎಫ್. (ಕೋಲಾರ ಚಿನ್ನದ ಗಣಿ) ನಗರದ ಮುಖ್ಯ ಪೇಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರನ್ನು ಹೊತ್ತ ಈ ಊರಿಗೆ ಅಂಟಿಕೊಂಡಂತೆ ಆಂಡರ್ಸನ್‌ಪೇಟೆ, ಊರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಕೋರಮಂಡಲ್ ಬಡಾವಣೆಗಳಿವೆ. ಸುಮಾರು 16 ಕಿ.ಮೀ. ಆಚೆಗೆ, ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆ ಜಂಕ್ಷನ್ ಇದೆ. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಬೀದಿಯಲ್ಲಿ ಕೇಳಿಬರುವ ಈ ಪರಿಸರದಲ್ಲಿ ಹದಿಹರೆಯದವರು ಕಷ್ಟದಲ್ಲಿ ಮೊದಲು ತಟ್ಟುವ ಬಾಗಿಲು ಬಹುಮಟ್ಟಿಗೆ ಗುಡಿ, ಚರ್ಚು, ಮಸೀದಿ ಅಥವಾ ಬೌದ್ಧ ಸಂಘದ್ದಾಗಿತ್ತು. ಇಂದಿಗೂ ಆಸ್ಪತ್ರೆಯ ಬಾಗಿಲಿಗಿಂತ ಅದೇ ಹತ್ತಿರ. ಆ ಆಸರೆ ಹೇಗೆ ಬೆಳೆಯಿತು, ಅದರ ಬಲವೇನು, ಅದು ಎಲ್ಲಿ ನಿಲ್ಲುತ್ತದೆ ಎಂಬುದು ಈ ಲೇಖನದ ವಿಷಯ.

ಗಣಿಯ ಊರು ಮತ್ತು ಅದರ ಮಕ್ಕಳು

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಯ ಗಣಿಗಾರಿಕೆಯ ಆಡಳಿತ ವಹಿಸಿಕೊಂಡ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಸಾವಿರಾರು ಕುಟುಂಬಗಳು ಬಂದು ನೆಲೆಸಿದವು. ಅವರಲ್ಲಿ ದೊಡ್ಡ ಪಾಲು ದಲಿತರು. ಊರಿನ ಮೇಲ್ಜಾತಿಯ ಯಜಮಾನಿಕೆಯಿಂದ ತಪ್ಪಿಸಿಕೊಂಡು ಕೂಲಿ ಹಣ ಕೈಗೆ ಸಿಗುವ ಕೆಲಸಕ್ಕೆ ಬಂದವರು ಅವರು. 1894ರಲ್ಲಿ ಬಂಗಾರಪೇಟೆಯಿಂದ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ವಿದ್ಯುತ್ತಿನ ಬೆಳಕು ಗಣಿಗೆ ಬಂದರೂ ಕಾರ್ಮಿಕರು ವಾಸಿಸಿದ್ದು 'ಲೈನ್' ಎಂದು ಕರೆಯುವ ಒಂದೇ ಕೋಣೆಯ ಸಾಲುಮನೆಗಳಲ್ಲಿ. ಸಾವಿರಾರು ಅಡಿ ಆಳದಲ್ಲಿ ಬಂಡೆ ಸಿಡಿದು ಸಾಯುವ ಭಯ, ಶ್ವಾಸಕೋಶದಲ್ಲಿ ಕಲ್ಲಿನ ಧೂಳು ತುಂಬಿ ಬರುವ ಸಿಲಿಕೋಸಿಸ್, ಸಂಬಳದ ದಿನದ ಸಾರಾಯಿ, ಇವುಗಳ ನಡುವೆ ಅಲ್ಲಿಯ ಮಕ್ಕಳು ಬೆಳೆದರು. ಅಪ್ಪ ಶಿಫ್ಟ್ ಮುಗಿಸಿ ಮೇಲೆ ಬರುತ್ತಾನೋ ಇಲ್ಲವೋ ಎಂದು ಕಾಯುವುದು ಅವರ ಬಾಲ್ಯದ ಭಾಗವೇ ಆಗಿತ್ತು. ಲೈನ್‌ಗಳಲ್ಲಿ ಮಾರಿಯಮ್ಮನ ಗುಡಿಗಳೂ ಶಿಲುಬೆಯ ಗೂಡುಗಳೂ ತಲೆಯೆತ್ತಿದ್ದಕ್ಕೆ ಈ ಭಯವನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕ್ಷಾಮದ ಅನಾಥರು

ಟೇಲರ್ ಕಂಪನಿ ಗಣಿಗೆ ಬರುವ ಮೊದಲೇ ಕೋಲಾರ ಸೀಮೆಯಲ್ಲಿ ಧರ್ಮದ ಹೆಸರಿನಲ್ಲಿ ಮಕ್ಕಳನ್ನು ಸಾಕುವ ಕೆಲಸ ಶುರುವಾಗಿತ್ತು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಭೀಕರವಾಗಿ ಕುಸಿದಾಗ, ಇಂಗ್ಲೆಂಡಿನಿಂದ ಬಂದಿದ್ದ ಲೂಯಿಸಾ ಆನ್‌ಸ್ಟಿ ಎಂಬಾಕೆ ಕೋಲಾರದಲ್ಲಿ ತಂದೆತಾಯಿ ಸತ್ತ ಮಕ್ಕಳಿಗಾಗಿ ಅನಾಥಾಲಯ ನಡೆಸಿದರು. ಊಟ, ಬಟ್ಟೆ, ಅಕ್ಷರಗಳ ಜೊತೆಗೆ ಕಸುಬು ಕಲಿಸಿ, ದೊಡ್ಡವರಾದ ಮೇಲೆ ನೆಲೆ ನಿಲ್ಲಲು ಸಹಾಯ ಮಾಡುವವರೆಗೆ ಆ ಕೆಲಸ ಹಬ್ಬಿತು. 1890ರಲ್ಲಿ ಅವರು ಅದನ್ನು ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಒಪ್ಪಿಸಿದರು. ಶಾಲೆ, ಕೈಗಾರಿಕಾ ತರಬೇತಿ, ಹಾಸ್ಟೆಲ್ ಎಂದು ಮಿಷನ್ ಅದನ್ನು ಮುಂದುವರಿಸಿತು. 1910ರ ಸುಮಾರಿಗೆ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯೂ ತಲೆಯೆತ್ತಿತು. ಜಿಲ್ಲೆಯ ಜನ ಅದನ್ನು ಇಂದಿಗೂ ಇ.ಟಿ.ಸಿ.ಎಂ. ಎಂದೇ ಕರೆಯುತ್ತಾರೆ.

ಈ ಕೆಲಸದಲ್ಲಿ ಮತಾಂತರದ ಉದ್ದೇಶವೂ ಇತ್ತು. ಹಸಿದ ಮಗುವಿಗೆ ಆಯ್ಕೆಯ ಸ್ವಾತಂತ್ರ್ಯ ಎಷ್ಟಿದ್ದೀತು ಎಂಬ ಪ್ರಶ್ನೆಯನ್ನು ಬದಿಗಿಡಲಾಗದು. ಆದರೂ ಕ್ಷಾಮದ ಮಕ್ಕಳು ಬದುಕುಳಿದದ್ದು ಇಂಥ ಕಡೆಗಳಲ್ಲಿ, ಮತ್ತು ಪ್ರಾರ್ಥನೆಯ ಜೊತೆಗೆ ಕಸುಬು ಕಲಿಸಬೇಕೆಂಬ ಪಾಠ ಈ ಜಿಲ್ಲೆಯಲ್ಲಿ ಅಲ್ಲಿಂದಲೇ ಹರಡಿತು. ಕೆ.ಜಿ.ಎಫ್.ನ ಕಾನ್ವೆಂಟ್ ಶಾಲೆಗಳನ್ನೂ ಜೈನ ಸಮಾಜ ರಾಬರ್ಟ್‌ಸನ್‌ಪೇಟೆಯಲ್ಲಿ ಕಟ್ಟಿದ ಸುಮತಿ ಜೈನ್ ಶಾಲೆ, ಭಗವಾನ್ ಮಹಾವೀರ ಜೈನ್ ಕಾಲೇಜುಗಳನ್ನೂ ಈ ದೃಷ್ಟಿಯಿಂದ ನೋಡಬೇಕು. ಗಣಿ ಕಾರ್ಮಿಕನ ಮಗ ಗಣಿಗೆ ಇಳಿಯದೆ ಗುಮಾಸ್ತನೋ ಶಿಕ್ಷಕನೋ ಆದದ್ದು ಇಂಥ ಶಾಲೆಗಳಿಂದ.

ಮಾರಿಕುಪ್ಪಂನ ಬೌದ್ಧರು

ಕೆ.ಜಿ.ಎಫ್.ನ ಧಾರ್ಮಿಕ ಇತಿಹಾಸದಲ್ಲಿ ಅತ್ಯಂತ ಸ್ವತಂತ್ರವಾದ ಅಧ್ಯಾಯ ಇದು. ಹೊರಗಿನವರು ತಂದುಕೊಟ್ಟ ಆಸರೆಯಲ್ಲ, ಕಾರ್ಮಿಕರೇ ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡದ್ದು. ಪಂಡಿತ ಅಯೋತ್ತಿ ದಾಸರು (1845–1914) 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಸ್ಥಾಪಿಸಿದರು. ಅಂಬೇಡ್ಕರರ ನಾಗಪುರದ ಬೌದ್ಧ ದೀಕ್ಷೆಗಿಂತ 58 ವರ್ಷ ಮೊದಲು ದಲಿತರಿಗೆ ಬುದ್ಧನ ದಾರಿ ತೋರಿದ ಆ ಸಂಘದ ಅತಿ ಗಟ್ಟಿಯಾದ ಶಾಖೆಗಳಲ್ಲಿ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್ ಶಾಖೆಗಳು ಸೇರಿದ್ದವು. ಅಯೋತ್ತಿ ದಾಸರು 1907ರಲ್ಲಿ ಆರಂಭಿಸಿದ 'ತಮಿಳನ್' ವಾರಪತ್ರಿಕೆಗೆ ಗಣಿಯ ಕಾರ್ಮಿಕರು ಓದುಗರೂ ಪೋಷಕರೂ ಆಗಿದ್ದರು. ಅದು ನಿಂತುಹೋದ ಮೇಲೆ 1926ರಲ್ಲಿ ಜಿ. ಅಪ್ಪಾದುರೈಯಾರ್ ಸಂಪಾದಕತ್ವದಲ್ಲಿ ಕೋಲಾರ ಚಿನ್ನದ ಗಣಿಯಿಂದಲೇ ಮತ್ತೆ ಹೊರಟಿತು.

ಈ ಸಂಘಗಳ ಸಭೆಗಳಲ್ಲಿ ಉಪನ್ಯಾಸ, ಓದು, ವಾದ, ಮದ್ಯಪಾನ ಬಿಡಬೇಕೆಂಬ ಪಂಚಶೀಲದ ಬೋಧನೆ ಇದ್ದವು. ಮದುವೆ, ಸಾವುಗಳ ವಿಧಿಗಳನ್ನು ಪುರೋಹಿತರ ಹಂಗಿಲ್ಲದೆ ನಡೆಸಿಕೊಳ್ಳುವುದನ್ನು ಅಲ್ಲಿ ಕಲಿತರು. 'ನೀನು ಕೀಳಲ್ಲ, ನಿನ್ನ ಪೂರ್ವಿಕರು ಬೌದ್ಧರು' ಎಂದು ಹುಡುಗನೊಬ್ಬನಿಗೆ ಹೇಳುವುದೂ ಮನಸ್ಸಿನ ಆರೈಕೆಯೇ. ಇಂದಿನ ಮನೋವಿಜ್ಞಾನ ಆತ್ಮಗೌರವ ಎಂದು ಬರೆಯುವುದನ್ನು ಆ ಕಾರ್ಮಿಕರು ಶಿಫ್ಟ್ ಮುಗಿದ ಮೇಲಿನ ಹೊತ್ತಿನಲ್ಲಿ, ತಮ್ಮದೇ ಹಣದಲ್ಲಿ, ತಮ್ಮ ಮಕ್ಕಳಿಗೆ ಕಟ್ಟಿಕೊಟ್ಟರು. ಜಿ. ಅಲೋಶಿಯಸ್ ಅವರ ಸಂಶೋಧನೆ ಈ ಚಳವಳಿಯನ್ನು ವಿವರವಾಗಿ ದಾಖಲಿಸಿದೆ. ಕನ್ನಡದಲ್ಲಿ ಈ ಕಥೆ ಇನ್ನೂ ಸಾಕಷ್ಟು ಬಂದಿಲ್ಲ ಎಂಬುದು ಖೇದದ ಸಂಗತಿ. ಇದು ನಡೆದದ್ದು ಕರ್ನಾಟಕದ ನೆಲದಲ್ಲಿ.

ಗಣಿ ಮುಚ್ಚಿದ ಮೇಲೆ

2001ರ ಫೆಬ್ರವರಿ 28ರಂದು, ಆಗ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ನಡೆಸುತ್ತಿದ್ದ ಗಣಿಗಳು ಮುಚ್ಚಿದವು. ಒಂದು ಶತಮಾನಕ್ಕೂ ಹೆಚ್ಚು ಕಾಲದಲ್ಲಿ 800 ಟನ್‌ಗೂ ಮಿಕ್ಕಿ ಚಿನ್ನ ಕೊಟ್ಟ ಊರಿನಲ್ಲಿ ಉಳಿದದ್ದು ಸೈನೈಡ್ ಮಣ್ಣಿನ ಗುಡ್ಡಗಳು, ಬಾಕಿ ಹಣದ ಮೊಕದ್ದಮೆಗಳು ಮತ್ತು ಪಾಳುಬಿದ್ದ ಶಾಫ್ಟ್‌ಗಳು. ಗಣಿಯ ಕೆಲಸದ ಜೊತೆಗೇ ಗಣಿಯ ಆಸ್ಪತ್ರೆ, ಆಟದ ಮೈದಾನ, ಕ್ಲಬ್ಬು, ತರಬೇತಿಗಳೂ ಮಂಕಾದವು. ಭಾರೀ ಯಂತ್ರಗಳ ಕಾರ್ಖಾನೆ ಬಿ.ಇ.ಎಂ.ಎಲ್. ಉಳಿಯಿತಾದರೂ ಅದು ಎಲ್ಲರನ್ನೂ ಹೊರಲಾರದು. ಇಪ್ಪತ್ತು ದಾಟಿದವರು ನಸುಕಿಗೆ ಎದ್ದು ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು ಬಂಗಾರಪೇಟೆಯ ಮೇಲಿಂದ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುತ್ತಾರೆ.

ಈ ರೈಲಿನ ಬದುಕು ಧಾರ್ಮಿಕ ಸಂಸ್ಥೆಗಳ ಸ್ವರೂಪವನ್ನೂ ಬದಲಿಸಿದೆ. ವಾರದ ಆರು ದಿನ ಊರಲ್ಲಿ ಇರುವವರು ಮುದುಕರು, ಮಕ್ಕಳು, ಕೆಲಸವಿಲ್ಲದ ಹುಡುಗರು. ಯುವಜನ ಕೂಟ, ಗಾಯನ ಅಭ್ಯಾಸ, ಪ್ರವಚನ ಎಲ್ಲವೂ ಭಾನುವಾರಕ್ಕೆ ಒತ್ತಿಕೊಂಡಿವೆ. ದಣಿದು ಬಂದವನಿಗೆ ಬೇಕಾದ ಮಾತು ಆ ಒಂದು ದಿನದಲ್ಲಿ ಸಿಗಬೇಕು. ಕೆಲಸವಿಲ್ಲದೆ ಊರಲ್ಲೇ ಉಳಿದವನು ತನ್ನನ್ನು ಸೋತವನೆಂದುಕೊಂಡು ಆ ದಿನವೂ ಬರದೆ ಇರಬಹುದು. ಯುವಜನರ ಜೊತೆ ಕೆಲಸ ಮಾಡುವವರು ಹೆಚ್ಚು ಗಮನ ಕೊಡಬೇಕಾದದ್ದು ಬರದೆ ಇರುವ ಇವನ ಕಡೆಗೆ.

ಇಂದಿನ ಆಸರೆಯ ರೂಪಗಳು

ಇಲ್ಲಿಯ ಕ್ಯಾಥೊಲಿಕ್ ಚರ್ಚುಗಳು ಬೆಂಗಳೂರು ಮಹಾಧರ್ಮಪ್ರಾಂತಕ್ಕೆ ಸೇರಿವೆ. ಚಾಂಪಿಯನ್ ರೀಫ್ಸ್‌ನ ವಿಜಯಮಾತೆಯ ದೇವಾಲಯ ಅವುಗಳಲ್ಲಿ ಹಳೆಯದು. ಸಿ.ಎಸ್.ಐ., ಮೆಥಡಿಸ್ಟ್ ಸಭೆಗಳ ಜೊತೆಗೆ ಒಂದೊಂದು ಬೀದಿಗೂ ಎಂಬಂತೆ ಸಣ್ಣ ಪ್ರಾರ್ಥನಾ ಮನೆಗಳಿವೆ. ಬಂಗಾರಪೇಟೆಯಲ್ಲಿ ಸೌತ್ ಇಂಡಿಯಾ ಬಿಬ್ಲಿಕಲ್ ಸೆಮಿನರಿ ಇದೆ. 1937ರಲ್ಲಿ ಗದಗಿನಲ್ಲಿ ಆರಂಭವಾಗಿ ಆಮೇಲೆ ಇಲ್ಲಿಗೆ ಬಂದ ಈ ಶಾಲೆ ಸಭಾಪಾಲಕರಿಗೆ ತರಬೇತಿ ಕೊಡುತ್ತದೆ. ಇಂಥ ಕಡೆ ಓದುವ ಸಭಾಪಾಲಕನಿಗೆ ಆಪ್ತಸಮಾಲೋಚನೆಯ ಪಾಠ ಎಷ್ಟು ಗಟ್ಟಿಯಾಗಿ ಸಿಗುತ್ತದೆ ಎಂಬುದರ ಮೇಲೆ ಹತ್ತಾರು ಹಳ್ಳಿಗಳ ಯುವಜನರ ಕ್ಷೇಮ ನಿಂತಿರುತ್ತದೆ.

ಚರ್ಚಿನ ದೊಡ್ಡ ಕೊಡುಗೆ ಸಂಗೀತ. ಗಾಯನವೃಂದ, ಗಿಟಾರು, ಕೀಬೋರ್ಡು, ಡ್ರಮ್ಸ್ ಕಲಿಯಲು ಹಣವಿಲ್ಲದ ಮನೆಯ ಹುಡುಗಿಗೂ ಹುಡುಗನಿಗೂ ಅಲ್ಲಿ ವಾದ್ಯ ಸಿಗುತ್ತದೆ, ಜೊತೆ ಸಿಗುತ್ತದೆ, ತನ್ನ ದನಿಯನ್ನು ಕೇಳುವ ಸಭೆ ಸಿಗುತ್ತದೆ. ಹಲವು ಧರ್ಮಕೇಂದ್ರಗಳಲ್ಲಿರುವ ವಿನ್ಸೆಂಟ್ ದಿ ಪಾಲ್ ಸಭೆಗಳು ಫೀಸು, ಔಷಧ, ದಿನಸಿಗಳಿಗೆ ನೆರವಾಗುತ್ತವೆ. ಆ ಸಭೆಯನ್ನು 1833ರಲ್ಲಿ ಪ್ಯಾರಿಸ್‌ನಲ್ಲಿ ಕಟ್ಟಿದ ಫ್ರೆಡರಿಕ್ ಓಜನಮ್‌ಗೆ ಆಗ ಇಪ್ಪತ್ತು ವರ್ಷ. ಯುವಕರು ನೆರವು ಪಡೆಯುವವರು ಮಾತ್ರವಲ್ಲ, ಕೊಡುವವರೂ ಆಗಬಲ್ಲರು ಎಂಬುದಕ್ಕೆ ಆತ ಸಾಕ್ಷಿ.

ಹಿಂದೂ ಯುವಕರಲ್ಲಿ ಬಲವಾದದ್ದು ವ್ರತದ ಕ್ರಮ. ಕಾರ್ತಿಕದಲ್ಲಿ ಅಯ್ಯಪ್ಪನ ಮಾಲೆ ಹಾಕಿದವನು 41 ದಿನ ಕುಡಿಯುವುದಿಲ್ಲ, ಸೇದುವುದಿಲ್ಲ, ಬೈಯುವುದಿಲ್ಲ. ನಸುಕಿಗೆ ಎದ್ದು ತಣ್ಣೀರು ಮೀಯುತ್ತಾನೆ. ಎಲ್ಲರೂ ಅವನನ್ನು 'ಸ್ವಾಮಿ' ಎನ್ನುತ್ತಾರೆ. ಜಾತಿಯ ಕಾರಣಕ್ಕೋ ಬಡತನದ ಕಾರಣಕ್ಕೋ ಗೌರವ ಕಾಣದ ಹುಡುಗನಿಗೆ ಆ ಸಂಬೋಧನೆಯೇ ಬೆನ್ನು ನೆಟ್ಟಗಾಗಿಸುತ್ತದೆ. ಗುರುಸ್ವಾಮಿಯ ಕಣ್ಗಾವಲು, ಸಂಜೆಯ ಭಜನೆ, ಒಟ್ಟಿಗೆ ಉಣ್ಣುವುದು, ಮುಂದೆ ಒಂದು ಯಾತ್ರೆ ಇದೆಯೆಂಬ ನಿರೀಕ್ಷೆ, ವ್ಯಸನಮುಕ್ತಿಗೆ ಬೇಕಾದ ಬಹಳಷ್ಟು ಅಂಶಗಳು ಇದರಲ್ಲಿವೆ. ಇಲ್ಲದಿರುವುದು ಒಂದೇ: ಮಾಲೆ ತೆಗೆದ ಮರುದಿನಕ್ಕೆ ಏರ್ಪಾಡು. ಅನೇಕರು ಜನವರಿಯಲ್ಲಿ ಮತ್ತೆ ಕುಡಿತಕ್ಕೆ ಜಾರುವುದು ಮನೆಯವರಿಗೆಲ್ಲ ಗೊತ್ತಿರುವ ನೋವು. ಆಷಾಢದ ಮಾರಿಯಮ್ಮನ ಹಬ್ಬ, ಮುರುಗನ ಕಾವಡಿ, ರಾಬರ್ಟ್‌ಸನ್‌ಪೇಟೆಯ ಪ್ರಸನ್ನ ಲಕ್ಷ್ಮೀವೆಂಕಟರಮಣಸ್ವಾಮಿ ದೇವಾಲಯದ ಉತ್ಸವಗಳು, ಹತ್ತಿರದ ಕಮ್ಮಸಂದ್ರದ ಕೋಟಿಲಿಂಗೇಶ್ವರ, ಗುಟ್ಟಹಳ್ಳಿಯ ಬಂಗಾರು ತಿರುಪತಿ, ಇವೆಲ್ಲ ಕೂಡುವ ತಾಣಗಳೇ. ಆದರೆ ಜಾತ್ರೆಯ ಗದ್ದಲದಲ್ಲಿ ಒಬ್ಬನ ಕಷ್ಟವನ್ನು ಕೂತು ಕೇಳುವವರು ಸಿಗುವುದು ಅಪರೂಪ.

ಮಾಲೆ ತೆಗೆದ ಮರುದಿನದ ಪ್ರಶ್ನೆಗೆ ಕರ್ನಾಟಕದಲ್ಲಿ ಉತ್ತರ ಹುಡುಕಿದ ಧಾರ್ಮಿಕ ಸಂಸ್ಥೆಗಳಲ್ಲಿ ಧರ್ಮಸ್ಥಳ ಮುಖ್ಯವಾದದ್ದು. 1982ರಲ್ಲಿ ಅಲ್ಲಿಯ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಗೆ ಸೇರಿದ ಜನಜಾಗೃತಿ ವೇದಿಕೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು 'ನವಜೀವನ ಸಮಿತಿ'ಗಳಲ್ಲಿ ಸೇರಿ ಒಬ್ಬರನ್ನೊಬ್ಬರು ಕಾಯುತ್ತಾರೆ. ಭಜನೆಯೂ ಇದೆ, ಮನೆಯವರ ಪಾಲ್ಗೊಳ್ಳುವಿಕೆಯೂ ಇದೆ, ವೈದ್ಯರ ತಪಾಸಣೆಯೂ ಇದೆ. ರಾಜ್ಯದಲ್ಲಿ 2007ರ ಜುಲೈನಿಂದ ಸಾರಾಯಿ ನಿಷೇಧವಾಗಿದ್ದರೂ ಕುಡಿತ ಬೇರೆ ಬಾಟಲಿಗೆ ದಾಟಿಕೊಂಡಿತಷ್ಟೇ. ಹಾಗಾಗಿ ಇಂಥ ಶಿಬಿರಗಳ ಅಗತ್ಯ ಉಳಿದಿದೆ.

ಮುಸ್ಲಿಂ ಯುವಕರಿಗೆ ಮಸೀದಿ ದಿನಕ್ಕೆ ಐದು ಬಾರಿ ತೆರೆಯುವ ನೆಲೆ. ಜಕಾತ್ ಹಣದಿಂದ ಫೀಸು ಕಟ್ಟುವುದು, ರಂಜಾನಿನಲ್ಲಿ ದಿನಸಿ, ಮದುವೆಗೆ ಸಹಾಯ, ಜಗಳಕ್ಕೆ ಹಿರಿಯರ ಪಂಚಾಯಿತಿ, ಇವೆಲ್ಲ ಜಮಾತಿನ ಸುತ್ತ ನಡೆಯುತ್ತವೆ. ಹುಡುಗಿಯರಿಗೆ ಇದೇ ಜಾಗ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅವರ ಕೂಟಗಳು ಹೆಚ್ಚಾಗಿ ಮನೆಗಳಲ್ಲಿ ನಡೆಯುತ್ತವೆ.

ಬೆಜವಾಡ ವಿಲ್ಸನ್ ಕಂಡದ್ದು

1966ರಲ್ಲಿ ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮಲ ಹೊರುವ ಕುಟುಂಬದವರು. ಯುವಕರಾಗಿದ್ದಾಗ ತಮ್ಮ ಸಮುದಾಯದ ಮಕ್ಕಳು ಶಾಲೆ ಬಿಡುವುದನ್ನೂ ದೊಡ್ಡವರು ಕುಡಿಯುವುದನ್ನೂ ತಡೆಯಲು ಯುವಜನ ಚಟುವಟಿಕೆಗಳಲ್ಲಿ ತೊಡಗಿಕೊಂಡಿದ್ದರು. ಕುಡಿಯಬೇಡಿ ಎಂದರೆ ಈ ಕೆಲಸ ಮಾಡಲು ಕುಡಿಯಲೇಬೇಕು ಎಂಬ ಉತ್ತರ ಬಂತು. ಒಣ ಪಾಯಿಖಾನೆಗಳ ಕೆಲಸವನ್ನು ಕಣ್ಣಾರೆ ಕಂಡ ಮೇಲೆ ಅವರು ಬೋಧನೆ ಬಿಟ್ಟು ಆ ಕೆಲಸವನ್ನೇ ಇಲ್ಲವಾಗಿಸುವ ಹೋರಾಟಕ್ಕೆ ಇಳಿದರು. ಕೆ.ಜಿ.ಎಫ್.ನ ಒಣ ಪಾಯಿಖಾನೆಗಳು ಬದಲಾದವು. 1994ರಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಹುಟ್ಟಿತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಯುವಜನರ ಕ್ಷೇಮದ ಬಗ್ಗೆ ಈ ಊರು ಕೊಟ್ಟ ಅತಿ ದೊಡ್ಡ ಪಾಠ ಇದೇ ಎಂಬುದು ಈ ಲೇಖಕನ ನಂಬಿಕೆ. ದುಃಖಕ್ಕೆ ಕಾರಣ ಮನಸ್ಸಿನೊಳಗೆ ಮಾತ್ರ ಇರುವುದಿಲ್ಲ. ಅವಮಾನದ ಕೆಲಸ, ನಿರುದ್ಯೋಗ, ಜಾತಿ ಹೊರಗಿನಿಂದ ತುಳಿಯುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ಅವುಗಳನ್ನೂ ಎದುರಿಸಬೇಕಾಗುತ್ತದೆ.

ನಂಬಿಕೆ ಮತ್ತು ಚಿಕಿತ್ಸೆ

ಮಗ ಮಾತು ಬಿಟ್ಟು ಮೂಲೆ ಸೇರಿದರೆ, ಮಗಳು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಅತ್ತರೆ, 'ಗಾಳಿ ಸೋಕಿದೆ' ಎಂದು ತಾಯತ ಕಟ್ಟಿಸುವುದು, ಉಪವಾಸ ಪ್ರಾರ್ಥನೆಗೆ ಕೂರಿಸುವುದು, ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಕರೆದೊಯ್ಯುವುದು ಎಲ್ಲ ಧರ್ಮದವರಲ್ಲೂ ಇರುವ ರೂಢಿ. ಇದನ್ನು ಮೌಢ್ಯವೆಂದು ತಳ್ಳಿಹಾಕುವವರು ಒಂದು ಅಧ್ಯಯನವನ್ನು ಗಮನಿಸಬೇಕು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ಉಳಿದುಕೊಂಡ 31 ಜನ ಮನೋರೋಗಿಗಳನ್ನು ಪರಿಶೀಲಿಸಿ, ಸರಾಸರಿ ಆರು ವಾರಗಳ ವಾಸದಲ್ಲಿ ಅವರ ರೋಗಲಕ್ಷಣಗಳ ಅಂಕ ಸುಮಾರು ಶೇ. 20ರಷ್ಟು ಇಳಿದದ್ದನ್ನು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅಲ್ಲಿ ವಿಶೇಷ ಪೂಜೆಯಾಗಲಿ ಮಾಂತ್ರಿಕತೆಯಾಗಲಿ ಇರಲಿಲ್ಲ. ಬೈಯದ, ಹೆದರಿಸದ ವಾತಾವರಣವಿತ್ತು; ಮನೆಯವರು ಜೊತೆಗಿದ್ದರು; ಚಿಕ್ಕಪುಟ್ಟ ಕೆಲಸವಿತ್ತು.

ಇನ್ನೊಂದು ಮುಖವೂ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಬಳಿಯ ಖಾಸಗಿ ಗೃಹವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು, ಸತ್ತವರು 28. ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. ಎರಡೂ ಕಡೆ ದೇವರಿದ್ದ, ಭಕ್ತರಿದ್ದರು. ಒಂದು ಕಡೆ ರೋಗಿಯನ್ನು ಮನುಷ್ಯನಂತೆ ಕಂಡರು, ಇನ್ನೊಂದು ಕಡೆ ಹಾಗೆ ಕಾಣಲಿಲ್ಲ.

ಕಾನೂನು ಈಗ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಿಹಾಕುವುದನ್ನು ನಿಷೇಧಿಸುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡಬೇಕೆನ್ನುತ್ತದೆ. ಹಾಗಾಗಿ ಅಂಥ ಮಗುವನ್ನು ಸಭೆಯ ಮುಂದೆ ಪಾಪಿಯೆಂದು ನಿಲ್ಲಿಸುವುದು ಮಾನವೀಯತೆಗೂ ಕಾನೂನಿನ ಆಶಯಕ್ಕೂ ವಿರುದ್ಧ. ಮಕ್ಕಳನ್ನು ಇರಿಸಿಕೊಳ್ಳುವ ಅನಾಥಾಲಯಗಳು 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೂಜಾರಿಯಾಗಲಿ, ಪಾದ್ರಿಯಾಗಲಿ, ಮೌಲ್ವಿಯಾಗಲಿ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮರ್ಯಾದೆ ಉಳಿಸಲು ಮುಚ್ಚಿಟ್ಟ ಪ್ರತಿ ಪ್ರಕರಣದಲ್ಲೂ ಮಗು ಎರಡನೆಯ ಬಾರಿ ಹಿಂಸೆಗೆ ಒಳಗಾಗುತ್ತದೆ.

ಧಾರ್ಮಿಕ ಆಸರೆಯ ಹೊರಗೆ ಉಳಿಯುವವರೂ ಇದ್ದಾರೆ. ಬೇರೆ ಜಾತಿ, ಬೇರೆ ಧರ್ಮದವರನ್ನು ಪ್ರೀತಿಸಿದವರು, ಲಿಂಗತ್ವದ ಗೊಂದಲವನ್ನು ಯಾರಿಗೂ ಹೇಳಲಾರದವರು, ದೇವರ ಮೇಲಿನ ನಂಬಿಕೆ ಸಡಿಲಾದವರು. ಕೂಟದ ಪ್ರೀತಿ ತನ್ನವರಿಗೆ ಎಷ್ಟು ಬೆಚ್ಚಗಿರುತ್ತದೋ ಕೂಟದಾಚೆ ಹೋದವರಿಗೆ ಅಷ್ಟೇ ತಣ್ಣಗಾಗಬಲ್ಲದು. ಅವರಿಗೆ ಧರ್ಮದ ಹೆಸರಿಲ್ಲದ ಬಾಗಿಲೊಂದು ಬೇಕೇ ಬೇಕು.

ಸರ್ಕಾರಿ ನೆರವು

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂದು ಗುರುತಿಸಿತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಮೊದಲು ರೂಪುಗೊಂಡದ್ದು ಕರ್ನಾಟಕದ ಬಳ್ಳಾರಿಯಲ್ಲೇ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ಸಿಗುವಂತೆ ರೂಪಿಸಿದ 'ಮನೋಚೈತನ್ಯ', ಹದಿಹರೆಯದವರಿಗೆ 'ಸ್ನೇಹಾ ಕ್ಲಿನಿಕ್', ಯುವಜನ ಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ 'ಯುವ ಸ್ಪಂದನ' ರಾಜ್ಯದ ಯೋಜನೆಗಳು. ಯುವ ಸ್ಪಂದನದಲ್ಲಿ ತರಬೇತಿ ಪಡೆದ ಯುವ ಪರಿವರ್ತಕರು ತಮ್ಮದೇ ವಯಸ್ಸಿನವರ ಓದು, ಕೆಲಸ, ಸಂಬಂಧ, ವ್ಯಸನದ ಕಷ್ಟಗಳನ್ನು ಕೇಳಿ ದಾರಿ ತೋರುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಕೋಲಾರದ ಟಮಕದಲ್ಲಿರುವ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ; ನಿಮ್ಹಾನ್ಸ್ ಇರುವ ಬೆಂಗಳೂರಿಗೆ ರೈಲಿದೆ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಮಕ್ಕಳ ಸಹಾಯವಾಣಿ 1098. ಟೆಲಿ ಮಾನಸ್‌ನಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದುಗಳಲ್ಲೂ ಮಾತನಾಡಬಹುದು ಎಂಬುದು ರಾಬರ್ಟ್‌ಸನ್‌ಪೇಟೆಯಂಥ ಊರಿಗೆ ದೊಡ್ಡ ಅನುಕೂಲ. ಎದೆಯ ನೋವನ್ನು ಮನೆಮಾತಿನಲ್ಲಿ ಹೇಳಿದಷ್ಟು ಬೇರೆ ಭಾಷೆಯಲ್ಲಿ ಹೇಳಲಾಗದು. ಇಲ್ಲಿಯ ಅನೇಕ ಮಕ್ಕಳಿಗೆ ಶಾಲೆಯ ಭಾಷೆ ಬೇರೆ, ಮನೆಯ ಭಾಷೆ ಬೇರೆ. ಈ ಎರಡು ಸಂಖ್ಯೆಗಳನ್ನು ನಾಲ್ಕೂ ಲಿಪಿಗಳಲ್ಲಿ ಬರೆದು ಚರ್ಚಿನ ಸೂಚನಾ ಫಲಕದಲ್ಲಿ, ಗುಡಿಯ ಪ್ರಸಾದದ ಕಿಟಕಿಯ ಬಳಿ, ಮಸೀದಿಯ ವಜೂಖಾನೆಯ ಗೋಡೆಯಲ್ಲಿ, ಮಾರಿಕುಪ್ಪಂ ರೈಲು ನಿಲ್ದಾಣದಲ್ಲಿ ಹಾಕಿಸಲು ದೊಡ್ಡ ಖರ್ಚೇನೂ ಇಲ್ಲ. ಗುರುಸ್ವಾಮಿ, ಸಭಾಪಾಲಕ, ಇಮಾಮರಿಗೆ ಒಂದೆರಡು ದಿನದ ತರಬೇತಿ ಕೊಡಿಸಿ, ಯಾವ ಲಕ್ಷಣ ಕಂಡರೆ ಅದೇ ದಿನ ವೈದ್ಯರ ಬಳಿ ಕಳಿಸಬೇಕೆಂದು ತಿಳಿಸುವ ಕೆಲಸವನ್ನು ಜಿಲ್ಲಾ ಮಾನಸಿಕ ಆರೋಗ್ಯ ತಂಡವೇ ಕೈಗೊಳ್ಳಬಹುದು.